ಪಿಸುಮಾತಿನ ಬೈಗುಳ

೧೪ ನವೆಂಬರ್ ೧೯೮೩, ಸೋಮವಾರ. ಆಳಂದ.

ಥೂ! ಅಂಗಿಯನ್ನು ತಿಕ್ಕಿ ತಿಕ್ಕಿ ಒಗೆದರೂ ಉಚ್ಚೆಯ ವಾಸನೆ ಹೋಗಿಲ್ಲ. ಅದನ್ನಾದರೂ ತಾಳಬಹುದು, ತಾಳಲಾಗದ್ದು ಆ ಲಾರಿ ಮಾಲಕ ದೌಲತರಾಯನ ನಗು.

ಖಜೂರಿ ರಸ್ತೆಯಲ್ಲಿ ಅವನು ಲಾರಿಯಿಂದ ಒದ್ದು ಕೆಡವಿದ ಈ ಕುನ್ನಿಯನ್ನು ಎತ್ತಿ ತಂದವನು ನಾನು. ಯಾರಾದರೂ ಧ್ವನಿ ಏರಿಸಿದರೆ ಸಾಕು, ಅಂಗಾತ ಬಿದ್ದು ಉಚ್ಚೆ ಹೊಯ್ಯುತ್ತದೆ. ಹತ್ತೂರು ನಡುಗುವಂತೆ ಖಳರಾಜನಾಗಿ ಗುಡುಗುವ ನಾನು ಇದಕ್ಕಾಗಿ ನಾಟಕದ ತಾಲೀಮನ್ನೇ ಜೋಳದ ಹೊಲಕ್ಕೆ ಒಯ್ದೆ! ಮೊನ್ನೆಯಷ್ಟೇ ಮೊದಲ ಸಲ ನನ್ನ ಕೈಯಿಂದ ರೊಟ್ಟಿ ತಿಂದಿತ್ತು.

ಇಂದು ಸಂಜೆ ಬಾಗಿಲಿಗೆ ದೌಲತರಾಯ ಬಂದ. "ಮಾಸ್ತರ, ನಮ್ಮ ನಾಯಿ ಕೊಡ್ರಿ. ನಾಕು ಒದಿ ಬಿದ್ರ ಲಾರಿ ಕಾಯೂದು ತಾನ ಕಲೀತದ."

ಕುನ್ನಿ ನನ್ನ ಕಾಲಸಂದಿಗೆ ನುಗ್ಗಿ ನಡುಗಿತು. ಗರ್ಜನೆ ಗಂಟಲಿಗೇ ಬಂದಿತ್ತು. ಗರ್ಜಿಸಿದರೆ ಕುನ್ನಿಯಲ್ಲಿ ಹುಟ್ಟಿಸಿದ ನಂಬಿಕೆಯೆಲ್ಲ ಮಣ್ಣುಪಾಲು! ಕುನ್ನಿಯನ್ನು ಎದೆಗವಚಿಕೊಂಡು ಪಿಸುಗುಟ್ಟಿದೆ: "ಹೊಸ್ತಿಲ ದಾಟಿದ್ರ ಕಾಲು ಮುರೀತೇನಿ, ಮಗನ."

"ಗಂಟಲಿಗೆ ಏನಾತ್ರಿ? ಸ್ಟೇಜಿನ ಹುಲಿ ಬೆಕ್ಕಾತಲ್ರಿ!" ಎಂದು ಅವನು ಕೇಕೆ ಹಾಕಿ ನಕ್ಕ. ಆ ಕೇಕೆಗೆ ಕುನ್ನಿ ನನ್ನ ಅಂಗಿಯ ಮೇಲೆ ಹೊಯ್ದೇಬಿಟ್ಟಿತು. ಓಣಿಯೆಲ್ಲ ನಕ್ಕಿತು. ನಾನು ಸಪ್ಪಳವಾಗದಂತೆ ಬಾಗಿಲು ಹಾಕಿದೆ.

"ನಾಳಿ ಮತ್ತ ಬಂದ್ರ?" ಎಂದು ಶಿವಕಾಂತಾ ಒಳಗಿನಿಂದ ಕೇಳಿದಳು.

"ಮತ್ತ ಹಿಂಗ ಮೆಲ್ಲಕ ಬೈತೇನಿ."

ಅವಳು ನಗಲಿಲ್ಲ. ನನ್ನ ಹೆಂಡತಿ ಪುಣ್ಯವಂತೆ.

ನುಂಗಿದ ಬೈಗುಳವನ್ನೆಲ್ಲ ನಾಳೆ ಜೋಳದ ಹೊಲದಲ್ಲಿ ಕೂಗಿ ಹಾಕಬೇಕು. ಕುನ್ನಿ ಈಗ ತೊಡೆಯ ಮೇಲೆ ಗೊರಕೆ ಹೊಡೆಯುತ್ತಿದೆ. ದೀಪ ಆರಿಸಲು ಏಳಬೇಕು, ಎದ್ದರೆ ಇದಕ್ಕೆ ಎಚ್ಚರವಾಗುತ್ತದೆ. ಉರಿಯಲಿ ಬಿಡು.