ಅಳುಮೋರೆ ಮೀನಿನ ಮೋರೆ

ಮೇಲುಗುಡ್ಡ ಹಾಸ್ಟೆಲ್
ಮುಳುಗಿದ ಅಂಕೋಲೆಯ ಮೇಲ್ಗಡೆ
ಫೆಬ್ರವರಿ ೩೦, ೨೨೮೬

ಮಾನ್ಯ ಮೇಡಂ ಅಥವಾ ಸರ್,

ಪರಿಚಯವಿಲ್ಲದೆ ಬರೆಯುತ್ತಿರುವುದಕ್ಕೆ ಮೊದಲೇ ಸಾರಿ. ಇನ್ನೂ ಹುಟ್ಟದವಳು ನಿಮಗೆ ತೊಂದರೆ ಕೊಡುವುದು ಮ್ಯಾನರ್ಸ್ ಅಲ್ಲ ಎಂದು ಗೊತ್ತು. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕನ್ನಡವೂ ವಿಚಿತ್ರ ಅನ್ನಿಸಬಹುದು. ಚಿಕ್ಕಂದಿನಿಂದ ಹಾಸ್ಟೆಲ್‌ನಲ್ಲೇ ಬೆಳೆದವಳು, ಅರ್ಧ ಇಂಗ್ಲಿಷ್ ತಾನಾಗಿ ಬಂದುಬಿಡುತ್ತದೆ. ಟೀಚರ್ ಕೋರ್ಸಿನ ಫಸ್ಟ್ ಇಯರ್‌ನವರಿಗೆ ತಲಾ ಒಂದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಕಾಗದ, ಸಿಗುತ್ತದೆ. ಫ್ರೆಂಡ್ಸೆಲ್ಲ ತಮ್ಮ ಮುತ್ತಜ್ಜಿಯರಿಗೆ ಬರೆದರು. ನಾನು ಸಮುದ್ರದ ಪಾಠ ಮಾಡುವ ನಿಮಗೆ ಬರೆಯುತ್ತಿದ್ದೇನೆ.

ನಮ್ಮ ಕಾಲದ ಆಳಸಮುದ್ರದಲ್ಲಿ ಜೀವಿಗಳಿಲ್ಲ. ಲೋಹಕ್ಕಾಗಿ ತಳವನ್ನು ಕೆರೆದಾಗ ಎದ್ದ ಕೆಸರು ಎಲ್ಲವನ್ನೂ ಮುಚ್ಚಿತಂತೆ. ಹಾಗಾಗಿ ಇಲ್ಲಿ ಮೈಪಾಠ ಎಂಬ ಪದ್ಧತಿ ಇದೆ. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಜೀವಿ ಕೊಡುತ್ತಾರೆ. ಕಿಟಕಿಗಳಿಗೆ ಗೋಣಿ ಕಟ್ಟಿ, ಮಂಕು ದೀಪ ಇಟ್ಟು, ಸಣ್ಣ ಮಕ್ಕಳೆದುರು ನಾವೇ ಆ ಜೀವಿಯಾಗಬೇಕು. ನನ್ನ ರೂಮ್‌ಮೇಟ್ ಸುಗಂಧಿ ದೀಪದ ಮೀನು. ಹಣೆಗೆ ಕಡ್ಡಿ ಕಟ್ಟಿ, ತುದಿಗೆ ಬಲ್ಬ್ ತೂಗಿಸಿಕೊಂಡು ಮೆಸ್ಸಿಗೂ ಹಾಗೇ ಬರುತ್ತಾಳೆ, ಪ್ರಾಕ್ಟೀಸ್ ಅಂತೆ. ಮೈಪಾಠ ಮಾಡುವವರಿಲ್ಲದ ಜೀವಿಯನ್ನು ಸಿಲಬಸ್‌ನಿಂದ ತೆಗೆಯುತ್ತಾರೆ. ಆಮೇಲೆ ಅದರ ಹೆಸರು ಎಲ್ಲೂ ಕೇಳಿಸುವುದಿಲ್ಲ. ಕಳೆದ ವರ್ಷ ಹೋದದ್ದು ಯಾವುದು ಎಂದು ನೆನಪಿಸಿಕೊಳ್ಳಲು ಕೂತೆ, ನೆನಪಾಗಲಿಲ್ಲ.

ನನಗೆ ಸಿಕ್ಕಿದ್ದು ಅಳುಮೋರೆ ಮೀನು. ನಿಮ್ಮ ಕಾಲದ ಒಂದೇ ಚಿತ್ರ ನಮಗೆ ಉಳಿದಿದೆ: ದೋಣಿಯ ಹಲಗೆಯ ಮೇಲೆ ಗುಲಾಬಿ ಮುದ್ದೆ, ಜೋತುಬಿದ್ದ ಮೂಗು, ಇಳಿದ ಬಾಯಿ. ಸೀನಿಯರ್‌ಗಳೆಲ್ಲ ಅದನ್ನೇ ಮಾಡುತ್ತ ಬಂದಿದ್ದಾರೆ. ಕೆನ್ನೆ ಕೆಳಗೆಳೆದು ತುಟಿ ಜೋತುಬಿಟ್ಟರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಫುಲ್ ಮಾರ್ಕ್ಸ್.

ಹೋದ ವಾರ ಟ್ರಯಲ್ ಕ್ಲಾಸ್ ಇತ್ತು. ಮೊದಲು ಆಳದ ನೀರಿನ ಒತ್ತಡ ಹೇಳಿಕೊಟ್ಟೆ. ಒಂದು ಮಗುವನ್ನು ನಡುವೆ ನಿಲ್ಲಿಸಿ, ಉಳಿದವರು ಸುತ್ತಲಿಂದ ಒತ್ತುವ ಆಟ. ಅಲ್ಲಿ ನೀರೇ ಮೀನನ್ನು ಹೀಗೆ ಅಪ್ಪಿ ಹಿಡಿದಿರುತ್ತದೆ ಎಂದೆ. ಆಮೇಲೆ ಮೋರೆ ಮಾಡಿದೆ. ಎಲ್ಲರೂ ಮಾಡಿದರು. ಏಳು ವರ್ಷದ ಮಾದೇವಿ ಮಾತ್ರ ಸುಮ್ಮನೆ ಕೂತಿದ್ದಳು. ಯಾಕೆ ಎಂದೆ.

"ಇದು ಮೇಲೆ ತಂದ ಮೇಲಿನ ಮೋರೆ ಅಕ್ಕಾ. ಅಪ್ಪನ್ನ ನೀರಿಂದ ಎತ್ತಿದಾಗೂ ಹಿಂಗೇ ಊದ್ಕಂಡಿತ್ತು. ಅದು ಅಪ್ಪನ ಮೋರೆ ಅಲ್ಲಾಗಿತ್ತು. ಕೆಳಗೆ ಚಲೋ ಇದ್ದಾಗ ಇದ್ರ ಮೋರೆ ಹ್ಯಾಂಗಿತ್ತು?"

ನನ್ನ ಕೈ ಇನ್ನೂ ಕೆನ್ನೆಯ ಮೇಲೇ ಇತ್ತು. ಅಪ್ಪಿ ಹಿಡಿದ ನೀರು ಬಿಟ್ಟುಹೋದರೆ ಮೈ ಏನಾಗುತ್ತದೆ ಎಂದು ಒತ್ತಡದ ಪಾಠ ಮಾಡಿದ ನನಗೇ ಹೊಳೆದಿರಲಿಲ್ಲ, ನನಗಿಂತ ಮುಂಚಿನವರಿಗೂ ಹೊಳೆದಿಲ್ಲ. ಇಷ್ಟು ತಲೆಮಾರು ನಾವು ಮಕ್ಕಳಿಗೆ ಕಲಿಸಿದ್ದು ಒಂದು ಹೆಣದ ಮೋರೆ.

ವಾರ್ಡನ್ ಬೀರಕ್ಕನೇ ನಮ್ಮ ಎಕ್ಸಾಮಿನರ್. ಹೋಗಿ ಹೇಳಿದೆ. "ನೀ ಕಲಿಸೂಕೆ ಬಂದದ್ದೋ, ಮಕ್ಕಳ ಹತ್ರ ಕಲಿಯೂಕೆ ಬಂದದ್ದೋ?" ಎಂದು ನಕ್ಕರು. ಆಮೇಲೆ ಸ್ವಲ್ಪ ಮೆತ್ತಗಾಗಿ, "ಬೇರೆ ಮೋರೆ ಯಾರಿಗೂ ಗೊತ್ತಿಲ್ಲ ಮಗಾ. ಇದನ್ನೇ ಮಾಡು. ಇಲ್ಲಾಂದ್ರೆ ಮೀನು ಹೋಯ್ತು ಅಂತ ತಿಳ್ಕೋ" ಎಂದರು.

ಸೋಮವಾರ ಫೈನಲ್. ಆ ಮೋರೆ ಮಾಡಿದರೆ ಮಾದೇವಿ ಎದುರಿಗೇ ಕೂತು ನೋಡಬೇಕು. ಮಾಡದಿದ್ದರೆ ಮಂಗಳವಾರದಿಂದ ಆ ಮೀನಿನ ಹೆಸರನ್ನೂ ಯಾರೂ ಹೇಳುವುದಿಲ್ಲ. ಬರೀ ಟೆನ್ಷನ್.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮ ಕಾಲದಲ್ಲಿ ಅದು ಇನ್ನೂ ಬದುಕಿದೆ. ಆಳಕ್ಕೆ ಕ್ಯಾಮರಾ ಇಳಿಸುವವರನ್ನು ವಿಚಾರಿಸಿ. ಕತ್ತಲಲ್ಲಿ, ಸುತ್ತ ನೀರು ಒತ್ತಿರುವಾಗ ಅದು ಹೇಗೆ ಕಾಣುತ್ತದೆ? ಬಾಯಿ ಹೇಗೆ ಮುಚ್ಚುತ್ತದೆ? ಈಜುತ್ತದೆಯೋ, ಸುಮ್ಮನೆ ತಳದಲ್ಲಿ ಕೂತಿರುತ್ತದೆಯೋ? ನಮ್ಮ ಕಾಗದ ಹಿಂದಕ್ಕೆ ಹೋಗುತ್ತದೆ, ನಿಮ್ಮ ಉತ್ತರ ಮುಂದಕ್ಕೆ ಬರಲು ದಾರಿ ಒಂದೇ. ನಿಮ್ಮ ಮಕ್ಕಳಿಗೆ ಮಾಡಿ ತೋರಿಸಿ, ಅವರು ತಮ್ಮ ಮಕ್ಕಳಿಗೆ ತೋರಿಸಲಿ. ನಡುವೆ ಎಲ್ಲೂ ಕಡಿಯದಿದ್ದರೆ ಸೋಮವಾರ ಬೆಳಿಗ್ಗೆ ನನಗೆ ಗೊತ್ತಿರುತ್ತದೆ.

ಕೆರೆಯುವ ಯಂತ್ರ ಯಾವ ವರ್ಷ ಇಳಿಯಿತು ಎಂದು ಹಿಂದೋಲೆಯಲ್ಲಿ ಬರೆಯಲು ಪರ್ಮಿಷನ್ ಇಲ್ಲ. ನನಗಿಂತ ನಿಮಗೇ ಟೈಮ್ ಕಡಿಮೆ ಎಂದಷ್ಟೇ ಹೇಳಬಲ್ಲೆ. ದಯವಿಟ್ಟು ಬೇಗ ಉತ್ತರಿಸಿ.

ಇಂತಿ,
ದೀವಿತಾ ಹರಿಕಂತ್ರ
ಫಸ್ಟ್ ಇಯರ್