ದೈತ್ಯನ ತೂಕಕ್ಕೆ ಹೊಂದಿಸಿದ ಸೈಕಲ್ಲು

ಗೆಥಿನ್,

ಒಂದಾನೊಂದು ಬೆಟ್ಟದಲ್ಲಿ ಒಬ್ಬ ದೈತ್ಯನಿದ್ದ. ತಂಗಿಯ ಕುದುರೆಯನ್ನು ಎರವಲು ಒಯ್ದು, ಅದರ ಬೆನ್ನನ್ನು ತನ್ನ ಮೈಭಾರಕ್ಕೆ ತಕ್ಕಂತೆ ಕಲ್ಲಾಗಿಸಿ ತಂದಿಟ್ಟ. ಇದು ನೈನ್ ಅಜ್ಜಿ ಹೇಳಿದ ಕಥೆಯಲ್ಲ, ನೀನು ಮಾಡಿದ್ದು.

ಸೈಕಲ್ ಅಂಗಡಿಯಲ್ಲಿ ನೀನೇ ಅಂದಿದ್ದೆ, "ಹಿಂದೂ ಮುಂದೂ ಕುಲುಕು ತಡೆಯೋ ಶಾಕ್ ಇರೋದೇ ತಗೊಳ್ಳೇ, ನಿನ್ನಂಥ ಕನಸುಗಣ್ಣೋಳಿಗೆ ದಾರೀಲಿ ಕಲ್ಲು ಕಾಣ್ಸಲ್ಲ." ತೆಗೆದುಕೊಂಡೆ. ಆಮೇಲೆ ನೀನು ಅದನ್ನು ಸವಾರಿಗೆ ಒಯ್ದು, ಹಿಂದಿನ ಶಾಕಿಗೆ ನಿನ್ನ ತೂಕಕ್ಕೆ ತಕ್ಕಷ್ಟು ಗಾಳಿ ತುಂಬಿ ಗಟ್ಟಿ ಮಾಡಿಟ್ಟು, "ನಾಳೆ ಇಳಿಸ್ತೀನಿ ಮಾರಾಯ್ತಿ" ಅಂದೆ. ಆ ನಾಳೆ ಬರಲೇ ಇಲ್ಲ. ಭಾನುವಾರ ಇಳಿಜಾರಿನ ಮೊದಲ ಮರದ ಬೇರಿಗೇ ಅದು ನನ್ನನ್ನು ಎತ್ತಿ ಮುಳ್ಳುಪೊದೆಗೆ ಎಸೆಯಿತು. ನನ್ನ ಮೊಣಕೈ ನೋಡಿ ನೀನು ನಕ್ಕದ್ದು ಮರೆತಿಲ್ಲ.

ಇವತ್ತು ಕಾಡಿನ ರೇಸಿಗೆ ಹೋಗುತ್ತಿದ್ದೇನೆ. ಇನ್ನು ಮೇಲೆ ಸೈಕಲ್ಲಿನ ಕೀಲುಗಳಿಗೆ ಜೋರು ನೀರು ಹಿಡಿಯಬೇಡ, ಗ್ರೀಸೆಲ್ಲ ತೊಳೆದುಹೋಗುತ್ತದೆ. ಹಿಡಿಯಲು ಸೈಕಲ್ಲೂ ಸಿಗುವುದಿಲ್ಲ, ಶೆಡ್ಡಿನ ಬೀಗ ಬದಲಾಯಿಸಿದ್ದೇನೆ. ಒಲೆಯ ಮೇಲಿನ ಕುರಿಮಾಂಸದ ಸಾರು ಅಜ್ಜಿಗೆ, ನಿನಗಲ್ಲ.

ನೀನು ಮಾತು ಕೊಟ್ಟ ಕೆಲಸವನ್ನು ನಾನೇ ಮಾಡಿದೆ. ನನ್ನ ತೂಕಕ್ಕೆ ಆಗುವಷ್ಟು ಗಾಳಿ ಇಳಿಸಿ ಹತ್ತಿ ಕೂತೆ. ಶಾಕ್ ಎಷ್ಟು ಕುಗ್ಗಿತೆಂದು ತೋರಿಸುವ ರಬ್ಬರ್ ಉಂಗುರ ಎಲ್ಲಿಗೆ ಜಾರಬೇಕೋ ಅಲ್ಲಿಗೆ ಜಾರಿ ನಿಂತಿತು. ನನ್ನ ತೂಕ ಕಡೆಗೂ ಅದಕ್ಕೆ ಗೊತ್ತಾಯಿತು.

ಹೆಲೆದ್