ಪೇಂಟಿನ ಅಡಿಯ ಬೆರಳಚ್ಚು

ಮೇ 11, ಸೋಮವಾರ

ಬೆಳಗಿನಿಂದ ಕಪ್ಪು ಪುಡಿ, ಬ್ರಷ್, ಸೀನು. ಬೆರಳಚ್ಚು ವಿಭಾಗ ಸೇರಿದ ಮೇಲೆ ನನ್ನ ಕರ್ಚೀಫುಗಳೆಲ್ಲ ಒಂದೇ ಬಣ್ಣ.

ಜೆಪ್ಪುವಿನಿಂದ ಕಿಟಕಿ ಗಾಜು ಬಂತು. ರೊಸಾಲಿನ್ ಟೀಚರ ಮನೆಯದು. ಕಳೆದ ವಾರ ಅವರು ಮಧ್ಯಾಹ್ನ ಮಲಗಿದ್ದಾಗ ಯಾರೋ ಜಗಲಿಯ ಕಿಟಕಿ ತೆರೆದು, ಕೈ ಹಾಕಿ, ಮೇಜಿನ ಮೇಲಿದ್ದ ಚಿನ್ನದ ಸರ ಎತ್ತಿದ್ದಾರೆ. ಗಾಜಿನ ಹೊರಗಡೆ ಒಂದು ಹೆಬ್ಬೆರಳು, ಸ್ಪಷ್ಟ; ನಡುವೆ ಒಂದು ಬಿಳಿ ಚುಕ್ಕೆ ಮಾತ್ರ. ಆ ಮನೆಗೆ ಬಂದುಹೋದವರ ಅಚ್ಚುಗಳ ಜೊತೆ ನೋಡಿದೆ. ಇರ್ವಿನ್. ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವ.

ಮೇ 12

ಇನ್‌ಸ್ಪೆಕ್ಟರ್ ಮುಖೇಶ್ ಬಂದಿದ್ದರು. ಕೂರಲೂ ಇಲ್ಲ.

"ಅಚ್ಚು ಫ್ರೆಶ್ ಅಂತ ಒಂದು ಶಬ್ದ ಬರೀರಿ ಮೇಡಂ. ನಾಡಿದ್ದು ಅರೆಸ್ಟ್ ಮಾಡ್ತೇನೆ."

"ಬೆರಳಚ್ಚಿನಲ್ಲಿ ತಾರೀಕು ಇರುವುದಿಲ್ಲ ಸರ್. ಯಾರದ್ದು ಅಂತ ಹೇಳ್ತೇನೆ. ಯಾವಾಗಿನದ್ದು ಅಂತ ನೋಡಿ ಹೇಳ್ಲಿಕ್ಕೆ ಆಗುದಿಲ್ಲ."

"ಜನವರಿಯಲ್ಲಿ ಮುಟ್ಟಿದ್ದು ಅಂತಾನೆ ಅವ! ಈ ಊರಿನ ಬೆವರು, ಉಪ್ಪುಗಾಳಿ... ಅಷ್ಟು ದಿನ ಉಳೀತದಾ?"

"ಉಳಿದರೂ ಉಳೀಬಹುದು. ಜಗಲಿಯ ನೆರಳು, ಮಳೆ ಬಿದ್ದಿಲ್ಲ."

"ಉಳೀಬಹುದು, ಅಳಿಯಬಹುದು... ಎಂತ ವಿಜ್ಞಾನ ಮಾರಾಯ್ರೆ ಇದು!"

ಬಾಗಿಲು ಜೋರಾಗಿ ಹಾಕಿಕೊಂಡು ಹೋದರು. ನನಗೂ ಸಿಟ್ಟು ಬಂತು. ಅವರ ಮೇಲಲ್ಲ. "ಗೊತ್ತಿಲ್ಲ" ಎಂದು ಬರೆದರೆ ಇರ್ವಿನ್ ಪಾರಾಗುವುದಿಲ್ಲವಲ್ಲ.

ಮೇ 13

ಠಾಣೆಯಲ್ಲಿ ಇರ್ವಿನ್‌ನನ್ನು ಕಂಡೆ. ಮೂರು ದಿನದಿಂದ ದಿನಾ ಕರೆಸಿ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸುತ್ತಿದ್ದಾರಂತೆ. ಟೀಚರ ಮಗ ಬ್ರಯಾನ್‌ನ ರೋಸಿಗೆ — ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚುವ ಶಾಸ್ತ್ರಕ್ಕೆ — ಜನವರಿಯಲ್ಲಿ ಬ್ಯಾಂಡ್ ಅಲ್ಲಿತ್ತಂತೆ. ಒಳಗಿನ ಪ್ಲಗ್ಗಿಗೆ ಮೈಕಿನ ವಯರ್ ಹಾಕಲು ಆ ಕಿಟಕಿ ಇವನೇ ತೆರೆದದ್ದಂತೆ.

"ಶನಿವಾರ ತಂಗಿಯ ಮದುವೆ ಮೇಡಂ. ಮೆರ್ಲಿನ್‌ದು. ನಾನು ಊದದಿದ್ದರೆ ಅವಳು ಇಗರ್ಜಿಗೆ ಹೋಗುದಿಲ್ಲ ಅಂತ ಕೂತಿದ್ದಾಳೆ."

ಅಲ್ಲಿಂದ ಟೀಚರ ಮನೆಗೆ. ಕಾಫಿ ಕೊಟ್ಟರು. ಗಾಜು ಕಳಚಿದ ಕಿಟಕಿಯ ಚೌಕಟ್ಟು ಹೊಸ ಪೇಂಟಿನಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು.

"ಪೇಂಟ್ ಯಾವಾಗ ಮಾಡಿಸಿದ್ದು ಟೀಚರ್?"

"ಮದುವೆ ಮುಗಿದ ಮೇಲೆ, ಮಾರ್ಚಿನಲ್ಲಿ. ಉಬೈದ್ ಅಂತ, ಉಳ್ಳಾಲದವ. ಗಾಜಿಗೂ ಹನಿ ಸಿಡಿಸಿಟ್ಟಿದ್ದ. ಒರೆಸು ಅಂದರೆ ನಾಳೆ ಅಂತ ಹೋದವ, ಪತ್ತೆಯೇ ಇಲ್ಲ!"

ಕಾಫಿ ಅರ್ಧಕ್ಕೇ ಬಿಟ್ಟು ಲ್ಯಾಬಿಗೆ ಓಡಿದೆ. ಅಚ್ಚಿನ ನಡುವೆ ಒಂದು ಬಿಳಿ ಚುಕ್ಕೆ ಇತ್ತು. ನೆನಪುಂಟು, ನೆನಪುಂಟು!

ಅದೇ ದಿನ, ಸಂಜೆ 5

ಗಾಜನ್ನು ಮಗುಚಿ ಹಾಕಿದೆ. ಹಿಂಬದಿಯಿಂದ, ಗಾಜಿನ ಮೂಲಕ, ಲೆನ್ಸಿನಲ್ಲಿ.

ಮುಂದಿನಿಂದ ಪೇಂಟಿನ ಹನಿ ಬರೀ ನುಣ್ಣಗೆ. ಹಿಂದಿನಿಂದ ಹನಿಯ ಅಡಿಯಲ್ಲೇ ಗೆರೆಗಳು — ಒಂದೂ ತುಂಡಾಗದೆ, ಆ ಬದಿಯಿಂದ ಈ ಬದಿಗೆ! ಹನಿ ಬಿದ್ದದ್ದು ಬೆರಳಚ್ಚಿನ ಮೇಲೆ. ಬೆರಳು ಮೊದಲು, ಪೇಂಟ್ ಆಮೇಲೆ. ಕಳ್ಳತನ ಅದಕ್ಕೂ ಎಷ್ಟೋ ಆಮೇಲೆ.

ಕಾರಿಡಾರಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಅಟೆಂಡರ್ ಇಣುಕಿ ನೋಡಿ ಹೋದ.

ಮೇ 14

ಮುಖೇಶ್ ಸರ್ ಲೆನ್ಸಿಗೆ ಕಣ್ಣಿಟ್ಟು ನೋಡಿದರು. ಗಾಜು ಮಗುಚಿ, ಮತ್ತೆ ನೋಡಿದರು.

"ತಾರೀಕು ಇರುವುದಿಲ್ಲ ಅಂದಿರಿ ನೀವು."

"ಬೆರಳಿಗೆ ಇಲ್ಲ ಸರ್. ಪೇಂಟಿಗೆ ಉಂಟು."

ಜೋರಾಗಿ ನಕ್ಕರು. ಉಬೈದ್‌ಗೆ ಅವರೇ ಫೋನ್ ಮಾಡಿದರು. ಮಾರ್ಚ್ ಹೌದು. ಇರ್ವಿನ್‌ಗೆ ಫೋನ್ ಮಾಡಿದ್ದೂ ಅವರೇ: "ನಾಳೆಯಿಂದ ಬರುವುದು ಬೇಡ. ಹೋಗಿ ಪ್ರಾಕ್ಟೀಸ್ ಮಾಡು." ಸರ ಕದ್ದವನನ್ನು ಇನ್ನು ಹುಡುಕಬೇಕು. ಬೈದುಕೊಂಡೇ ಹೊರಟರು, ಆದರೆ ಬಾಗಿಲನ್ನು ಮೆಲ್ಲಗೆ ಹಾಕಿದರು.

ಮೇ 16, ಶನಿವಾರ, ಮೆರ್ಲಿನ್ ಮದುವೆಯ ಹಾಲ್‌ನಲ್ಲಿ

ಊಟ ಆಯಿತು. ಹೊಟ್ಟೆ ಬಿರಿಯುವಷ್ಟು ಇಡ್ಲಿಯಂಥ ಸನ್ನ. ಮೂಲೆಯ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ.

ರೊಸಾಲಿನ್ ಟೀಚರೂ ಬಂದಿದ್ದಾರೆ. ಇರ್ವಿನ್ ಎದುರು ನಿಂತು, "ನಾನೂ ನಿನ್ನ ಮೇಲೆ ಸಂಶಯ ಪಟ್ಟೆ ಮಗಾ" ಅಂದರು. ಅವನು ಅವರ ಕೈ ಹಿಡಿದು ಕರೆದುಕೊಂಡು ಹೋಗಿ ಮದುಮಗಳ ಪಕ್ಕ ಕೂರಿಸಿದ.

ಈಗ ಊದುತ್ತಿದ್ದಾನೆ. ಮುಖ ಕೆಂಪು, ಕೆನ್ನೆ ಉಬ್ಬಿ... ಮೆರ್ಲಿನ್ ಬಿಳಿ ಗೌನ್ ಎತ್ತಿ ಹಿಡಿದು ಕುಣಿಯುತ್ತಿದ್ದಾಳೆ. ಬ್ಯಾಂಡ್ ವೇದಿಕೆ ಇಳಿದು ಈ ಕಡೆಗೇ ಬರುತ್ತಾ ಉಂಟು. ಟೀಚರೂ.

"ಬರೆದದ್ದು ಸಾಕು ಮಾರಾಯ್ತಿ ಭವ್ಯಶ್ರೀ, ಏಳು!"

ನನಗೆ ಒಂದು ಹೆಜ್ಜೆಯೂ ಬರುವುದಿಲ್ಲ ಅಂದೆ. ಕೇಳುವವರು ಯಾರು? ಸೀರೆಯ ನೆರಿಗೆ ಬೇರೆ ಸಡಿಲ, ಪೆನ್ನನ್ನೂ ಎಳೆಯು—